ಕೈಫೋನಿನ ಕ್ಯಾಮೆರಾ ಮತ್ತು ಬೆಳಕಿನ ಲೆಕ್ಕ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಕಣ್ಣಿಟ್ಟು ನೋಡತಕ್ಕ ವಸ್ತುಗಳಿಗೆ ಕೊರತೆಯಿಲ್ಲ. ತರೀಕೆರೆಯ ಸಮೀಪದಲ್ಲಿ ಅಮೃತಾಪುರದ ಹೊಯ್ಸಳ ದೇವಾಲಯವಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳಿವೆ. ಕಡೂರಿನ ಸುತ್ತ ತೆಂಗಿನ ತೋಟಗಳಿವೆ. ಇವನ್ನು ಚಿತ್ರದಲ್ಲಿ ಹಿಡಿದಿಡಬೇಕೆಂಬ ಆಸೆ ಯಾವ ವಿದ್ಯಾರ್ಥಿಗೆ ತಾನೆ ಇರುವುದಿಲ್ಲ? ಹಿಂದೆ ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕಾಗುತ್ತಿತ್ತು. ಈಗ ಜೇಬಿನಲ್ಲಿರುವ ಫೋನೇ ಸಾಕೆನ್ನುತ್ತಾರೆ. ಆದರೆ ತೆಗೆದ ಚಿತ್ರವನ್ನು ಮನೆಗೆ ಬಂದು ಹಿಗ್ಗಿಸಿ ನೋಡಿದಾಗ ಅನೇಕರಿಗೆ ನಿರಾಶೆಯಾಗುತ್ತದೆ.

ನಮಗೂ ಹಾಗೆಯೇ ಆಯಿತು. ಮಳೆಗಾಲದ ಒಂದು ಸಂಜೆ ಅಮೃತಾಪುರದಲ್ಲಿ ಚಿತ್ರಗಳನ್ನು ತೆಗೆದೆವು. ಮಂಟಪದ ಕಂಬಗಳ ಮೇಲೆ ಯಾರೋ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಗೋಡೆಯ ಶಿಲ್ಪಗಳು ಹಸಿಮಣ್ಣಿನ ಮುದ್ದೆಗಳಂತೆ ಇದ್ದವು. ಫೋನು ಅಗ್ಗದ್ದು, ಅದರ ಹಣೆಬರಹವೇ ಇಷ್ಟು ಎಂದುಕೊಂಡೆವು. ಡಿಸೆಂಬರ್ ತಿಂಗಳಿನ ಒಂದು ಬೆಳಿಗ್ಗೆ ಅದೇ ಫೋನಿನೊಡನೆ ಮತ್ತೆ ಹೋದಾಗ, ಅದೇ ಶಿಲ್ಪಗಳ ಕಿರೀಟದ ಮಣಿಗಳೂ ಎಣಿಸುವಷ್ಟು ಸ್ಪಷ್ಟವಾಗಿ ಬಂದವು. ಫೋನು ಬದಲಾಗಿರಲಿಲ್ಲ; ಬೆಳಕು ಬದಲಾಗಿತ್ತು, ಅದನ್ನು ಬಳಸಿಕೊಂಡ ನಮ್ಮ ರೀತಿಯೂ ಬದಲಾಗಿತ್ತು. ಇದರ ಕಾರಣವನ್ನು ವಿಚಾರಿಸೋಣ.

ಮಳೆ ಮತ್ತು ಲೋಟ

ಕ್ಯಾಮೆರಾದ ಮಸೂರದ ಹಿಂದೆ ಸಿಲಿಕಾನಿನಿಂದ ಮಾಡಿದ ಒಂದು ಸಂವೇದಕವಿರುತ್ತದೆ. ಅದರಲ್ಲಿ ಲಕ್ಷಾಂತರ ಪುಟ್ಟ ಕೋಶಗಳಿವೆ. ಬೆಳಕಿನ ಕಣವಾದ ಫೋಟಾನು ಕೋಶದೊಳಗೆ ಬಿದ್ದಾಗ ಅಲ್ಲಿ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಹೀಗೆ ಕೂಡಿದ ಎಲೆಕ್ಟ್ರಾನುಗಳ ಲೆಕ್ಕವೇ ಚಿತ್ರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಈ ಬಗೆಯ ಮೊದಲ ಸಾಧನಕ್ಕೆ ತಳಹದಿ ಹಾಕಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಫೋನಿನಲ್ಲಿರುವುದು ಅದರ ಸೋದರನೆನ್ನಬಹುದಾದ ಸಿಮಾಸ್ ಸಂವೇದಕ.

ಸಣ್ಣ ಫೋನೊಂದರ ಸಂವೇದಕ 4.8 ಮಿಲಿಮೀಟರ್ ಉದ್ದ, 3.6 ಮಿಲಿಮೀಟರ್ ಅಗಲ ಇದೆಯೆಂದು ಇಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 17 ಚದರ ಮಿಲಿಮೀಟರ್. ಹಳೆಯ ಫಿಲ್ಮ್ ಕ್ಯಾಮೆರಾದ ಒಂದು ಚೌಕಟ್ಟು 36ಕ್ಕೆ 24 ಮಿಲಿಮೀಟರ್, ಎಂದರೆ 864 ಚದರ ಮಿಲಿಮೀಟರ್. ಒಂದಕ್ಕೊಂದು ಐವತ್ತು ಪಾಲಿನ ಅಂತರ!

ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟರೆ ಎರಡರ ಮೇಲೂ ಬೀಳುವ ಮಳೆ ಒಂದೇ. ಕೂಡುವ ನೀರು ಮಾತ್ರ ಬೇರೆ. ಫೋನು ಲೋಟವಿದ್ದಂತೆ. ಬೆಳಕು ಕಡಿಮೆ ಕೂಡಿದರೆ ಚಿತ್ರ ಮಂಕಾಗುವುದಷ್ಟೇ ಅಲ್ಲ, ಕಾಳುಕಾಳಾಗುವುದೇಕೆ? ಫೋಟಾನುಗಳೂ ಹನಿಗಳಂತೆ ಹಿಂದುಮುಂದಾಗಿ ಬೀಳುತ್ತವೆ. ಸರಾಸರಿ 100 ಫೋಟಾನು ಬೀಳುವ ಕಡೆ ಒಂದು ಕೋಶಕ್ಕೂ ನೆರೆಯ ಕೋಶಕ್ಕೂ ಸುಮಾರು 10ರಷ್ಟು, ಎಂದರೆ ಶೇಕಡ 10ರಷ್ಟು ಏರುಪೇರಾಗುತ್ತದೆ. 10,000 ಬೀಳುವ ಕಡೆ ಏರುಪೇರು ಸುಮಾರು 100. ಎಂದರೆ ಶೇಕಡ 1 ಮಾತ್ರ. ಏರುಪೇರು ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ ಎಂಬುದೇ ಇಲ್ಲಿಯ ನಿಯಮ. ಒಂದೇ ಬಣ್ಣದ ಗೋಡೆ ಮಸಕು ಬೆಳಕಿನಲ್ಲಿ ರವೆರವೆಯಾಗಿ ಕಾಣುವುದು ಇದರಿಂದಲೇ.

ಆದುದರಿಂದ ಒಳ್ಳೆಯ ಚಿತ್ರಕ್ಕೆ ಮಾರ್ಗ ಮೂರು: ಸಂವೇದಕ ದೊಡ್ಡದಾಗಬೇಕು, ಇಲ್ಲವೆ ಬೆಳಕು ಹೆಚ್ಚಬೇಕು, ಇಲ್ಲವೆ ಬೆಳಕನ್ನು ಹೆಚ್ಚು ಹೊತ್ತು ಕೂಡಿಸಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದೆರಡು ಕಾಸಿನ ಖರ್ಚಿಲ್ಲದೆ ನಮ್ಮ ಕೈಯಲ್ಲಿವೆ. ಇದಕ್ಕೂ ಮೊದಲು ಮಸೂರವನ್ನು ಶುಭ್ರವಾದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಬೆರಳಿನ ಜಿಡ್ಡು ಬೆಳಕನ್ನು ಚೆದರಿಸಿ ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ.

ಅಮೃತಾಪುರದ ಗೋಡೆ

ಅಮೃತೇಶ್ವರ ದೇವಾಲಯವನ್ನು ಕ್ರಿ.ಶ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಕವಿ ಜನ್ನನು ರಚಿಸಿದ ಶಾಸನವೂ ಅಲ್ಲಿದೆ. ತೆರೆದ ಮಂಟಪದ ಹೊರಗೋಡೆಯ ದಕ್ಷಿಣ ಭಾಗದಲ್ಲಿ ರಾಮಾಯಣದ ಕಥೆ 70 ಫಲಕಗಳಲ್ಲಿ ಹರಡಿದೆ.

ಶಿಲ್ಪವು ಕಣ್ಣಿಗೆ ಕಾಣುವುದು ನೆರಳಿನಿಂದ. 3 ಮಿಲಿಮೀಟರ್ ಉಬ್ಬಿದ ಅಂಚಿನ ಮೇಲೆ ಬೆಳಕು ಗೋಡೆಗೆ 45 ಅಂಶ ಓರೆಯಾಗಿ ಬಿದ್ದರೆ ನೆರಳಿನ ಉದ್ದ 3 ಮಿಲಿಮೀಟರ್. 15 ಅಂಶ ಓರೆಯಾಗಿ ಬಿದ್ದರೆ ಸುಮಾರು 11 ಮಿಲಿಮೀಟರ್. ಮೋಡದ ಸಂಜೆಯಲ್ಲಿ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ನೆರಳೇ ಇರುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯನು ಪೂರ್ವಕ್ಕಿಂತ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಬೆಳಗಿನ ಕಿರಣಗಳು ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುತ್ತವೆ. ನಮ್ಮ ಎರಡನೆಯ ಚಿತ್ರದ ಗುಟ್ಟು ಇದೇ. ನಿಮ್ಮ ಊರಿನ ವೀರಗಲ್ಲಿಗೂ ಸವೆದ ಶಾಸನಕ್ಕೂ ಈ ಉಪಾಯ ಒದಗುತ್ತದೆ. ಬಿಸಿಲು ಬೀಳದ ಕಡೆ ಗೆಳೆಯನೊಬ್ಬನು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು. ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತೀಡಬಾರದು. ಅದು ಕಲ್ಲಿಗೆ ಹಾನಿ. ಫೋನಿನ ಫ್ಲಾಶೂ ಇಲ್ಲಿ ಬೇಡ. ಎದುರಿನಿಂದ ಬೀಳುವ ಬೆಳಕು ನೆರಳನ್ನು ಅಳಿಸುತ್ತದೆ.

ಮಂಟಪದೊಳಗಿನ ಕತ್ತಲೆಗೆ ಮೂರನೆಯ ಮಾರ್ಗ ಹಿಡಿಯಬೇಕು. ಫೋನನ್ನು ಪುಸ್ತಕದ ಚೀಲಕ್ಕೆ ಒರಗಿಸಿ ನೆಲದ ಮೇಲಿಟ್ಟು, ಮೂರು ಸೆಕೆಂಡು ತಡೆದು ತೆಗೆಯುವ ಟೈಮರನ್ನು ಹಾಕಿರಿ. ಕೈಯ ನಡುಕವೂ ಗುಂಡಿ ಒತ್ತುವ ಅಲುಗಾಟವೂ ತಪ್ಪುತ್ತವೆ. ಕ್ಯಾಮೆರಾ ನೆಮ್ಮದಿಯಿಂದ ಬೆಳಕನ್ನು ಕೂಡಿಸಿಕೊಳ್ಳುತ್ತದೆ.

ಅಜ್ಜಂಪುರದ ಹೋರಿ

ಕಲ್ಲು ಕದಲುವುದಿಲ್ಲ, ಹೋರಿ ಕದಲುತ್ತದೆ. ಮೈಸೂರಿನ ಅರಸರ ಸೈನ್ಯಕ್ಕೆ ಸಾಮಾನು ಸಾಗಿಸಿದ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಹೋರಿಯೊಂದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಅಡ್ಡಹಾಯುತ್ತಿದೆಯೆನ್ನಿ. ಸಂಜೆಯ ಬೆಳಕಿನಲ್ಲಿ ಕ್ಯಾಮೆರಾ ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಅಷ್ಟರಲ್ಲಿ ಅದು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದಲ್ಲಿ ಕೊಂಬಿನ ಬದಲು ಒಂದು ಬೂದು ಪಟ್ಟೆ. ಒಳ್ಳೆಯ ಬಿಸಿಲಿನಲ್ಲಿ ಸಾವಿರದ ಒಂದು ಭಾಗ ಸಾಕಾಗುವುದರಿಂದ ಚಲನೆ 3 ಮಿಲಿಮೀಟರ್ ಮಾತ್ರ. ಇಲ್ಲಿ ಬೆಳಕಿನ ಸಿರಿವಂತಿಕೆಯೇ ವೇಗವನ್ನು ಕೊಳ್ಳುವ ಹಣ.

ದೂರದ ದನವನ್ನು ಬೆರಳಿನಿಂದ ಪರದೆಯ ಮೇಲೆ ಹತ್ತಿರಕ್ಕೆ ಎಳೆದುಕೊಳ್ಳುವುದು ಇನ್ನೊಂದು ತಪ್ಪು. ಒಂದೇ ಮಸೂರದ ಫೋನಿನಲ್ಲಿ ಇದು ಚಿತ್ರದ ಅಂಚನ್ನು ಕತ್ತರಿಸಿ ಉಳಿದುದನ್ನು ಹಿಗ್ಗಿಸುವ ಕೆಲಸವಷ್ಟೆ. ನಾಲ್ಕು ಪಟ್ಟು ಎಳೆದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. 120 ಲಕ್ಷ ಬಿಂದುಗಳ ಚಿತ್ರದಲ್ಲಿ ಏಳೂವರೆ ಲಕ್ಷ. ಹಾಗೆಂದು ಹೋರಿಯ ಬಳಿಗೆ ನುಗ್ಗುವುದು ಜಾಣತನವಲ್ಲ. ಬೇಲಿಯ ಹೊರಗೆ ನಿಂತು, ಅದು ತಾನಾಗಿ ಹತ್ತಿರ ಬರುವವರೆಗೆ ಕಾಯುವುದೇ ಲೇಸು.

ಕಡೂರಿನ ತೆಂಗಿನ ಗರಿ

ಚಿತ್ರ ಕೆಟ್ಟರೆ ಬೇಸರವಷ್ಟೇ ಅಲ್ಲ, ನಷ್ಟವೂ ಉಂಟಾಗಬಹುದು. ತೆಂಗಿನ ಗರಿಗಳು ಸುಟ್ಟಂತೆ ಒಣಗುತ್ತಿವೆ ಎಂದಿಟ್ಟುಕೊಳ್ಳಿ. ಅದು ನೀರಿನ ಕೊರತೆಯಿರಬಹುದು, ಕಪ್ಪುತಲೆ ಹುಳುವಿನ ಬಾಧೆಯೂ ಇರಬಹುದು. ಮರದ ಬುಡದಲ್ಲಿ ನಿಂತು ಆಕಾಶಕ್ಕೆ ಮುಖಮಾಡಿ ತೆಗೆದ ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಹುಳುವಿನ ಗುರುತು ಇರುವುದು ಎಲೆಯ ಅಡಿಭಾಗದಲ್ಲಿ. ಅದು ನೂಲನ್ನೂ ತನ್ನ ಹಿಕ್ಕೆಯನ್ನೂ ಸೇರಿಸಿ ಸುರಂಗ ಕಟ್ಟಿಕೊಂಡು, ಒಳಗಿದ್ದು ಹಸಿರನ್ನು ಕೆರೆದು ತಿನ್ನುತ್ತದೆ. ಈ ಗುರುತು ಚಿತ್ರದಲ್ಲಿ ಬಾರದಿದ್ದರೆ ಅದನ್ನು ನೋಡಿ ಸಲಹೆ ಕೊಡುವವರು ದಾರಿ ತಪ್ಪಬಹುದು. ರೈತ ನೀರು ಹಾಯಿಸುತ್ತಿರುವಾಗ ಹುಳು ಮೇಯುತ್ತಲೇ ಇರುತ್ತದೆ.

ಆದುದರಿಂದ ಗರಿಯ ಒಂದು ತುಂಡನ್ನು ಕೆಳಗಿಳಿಸಿ, ನೆರಳಿನಲ್ಲಿ ತೆರೆದ ಆಕಾಶದ ಬೆಳಕು ಬೀಳುವಂತೆ ಮಗುಚಿಡಿ. ಫೋನನ್ನು ಎಲೆಗೆ ತಾಗಿಸುವಷ್ಟು ಹತ್ತಿರ ಒಯ್ಯಬೇಡಿ. ಬಹುಪಾಲು ಫೋನುಗಳ ಮಸೂರ ಸುಮಾರು 10 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಫುಟವಾಗಿ ಹಿಡಿಯಲಾರದು. ಒಂದು ಗೇಣು ದೂರದಿಂದ ತೆಗೆದು, ಬೇಕಾದರೆ ಆಮೇಲೆ ಅಂಚು ಕತ್ತರಿಸಿ. ಪರದೆಯಲ್ಲಿ ಹುಳು ಕಂಡ ಜಾಗವನ್ನು ಬೆರಳಿನಿಂದ ಮುಟ್ಟಿ, ಸ್ಫುಟವಾಗುವವರೆಗೆ ತಾಳಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟರೆ ಅಳತೆಯೂ ತಿಳಿಯುತ್ತದೆ. ಕಳುಹಿಸುವಾಗ ಮೂಲ ಕಡತವನ್ನೇ ಕಳುಹಿಸಿ. ಸಂದೇಶದ ಜೊತೆ ಹೋಗುವ ಚಿತ್ರ ಸಾಮಾನ್ಯವಾಗಿ ಕುಗ್ಗಿ ಸೂಕ್ಷ್ಮಗಳನ್ನು ಕಳೆದುಕೊಂಡಿರುತ್ತದೆ.

ಯಂತ್ರದ ಜಾಣ್ಮೆ

ಫೋನಿನೊಳಗಿನ ಗಣಕವೂ ನೆರವಾಗುತ್ತದೆ. ರಾತ್ರಿಯ ಚಿತ್ರಕ್ಕೆಂದು ಇರುವ ವಿಧಾನದಲ್ಲಿ ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಒಂಬತ್ತನ್ನು ಕೂಡಿಸಿದರೆ ಏರುಪೇರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ನ್ಯಾಯವಾದ ಸಂಪಾದನೆ. ಆದರೆ ಮುಖವನ್ನು ಅಂದಗೊಳಿಸುವ ವಿಧಾನ ಬೇರೆ. ಅದು ಅಜ್ಜಿಯ ಮುಖದ ಸುಕ್ಕನ್ನು ಅಳಿಸುವಂತೆಯೇ ಎಲೆಯ ಚುಕ್ಕೆಯನ್ನೂ ನುಣುಪಾಗಿಸಬಲ್ಲದು. ಪುರಾವೆಗಾಗಿ ತೆಗೆಯುವ ಚಿತ್ರಕ್ಕೆ ಅದನ್ನು ಬಳಸಬಾರದು. ಬಿದ್ದ ಬೆಳಕನ್ನು ಯಂತ್ರವು ಒಪ್ಪವಾಗಿ ಜೋಡಿಸಬಲ್ಲದು. ಬೀಳದ ಬೆಳಕನ್ನು ಊಹಿಸಬಲ್ಲದೇ ಹೊರತು ಮರಳಿ ತರಲಾರದು.

ಮಾಡಿ ನೋಡಿ

ಮನೆಯ ಕಿಟಕಿಯ ಬಳಿ ಒಂದು ತೆಂಗಿನಕಾಯಿ ಇಡಿ. ಬೆಳಿಗ್ಗೆ, ನಡುಹಗಲು, ಮುಸ್ಸಂಜೆ ಮೂರು ಹೊತ್ತಿನಲ್ಲಿ ಒಂದೇ ದೂರದಿಂದ ಚಿತ್ರ ತೆಗೆಯಿರಿ. ಮುಸ್ಸಂಜೆಯದನ್ನು ಒಮ್ಮೆ ಕೈಯಲ್ಲಿ ಹಿಡಿದು, ಒಮ್ಮೆ ಒರಗಿಸಿಟ್ಟು ತೆಗೆಯಿರಿ. ನಾಲ್ಕನ್ನೂ ಹಿಗ್ಗಿಸಿ, ಕಾಯಿಯ ನಾರುಗಳು ಯಾವುದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆಂದು ಬರೆದಿಡಿ. ಹೊಸ ಫೋನು ಕೊಳ್ಳುವ ವಿಚಾರವನ್ನು ಆ ಪಟ್ಟಿಯನ್ನು ಓದಿದ ಮೇಲೆ ಮಾಡಬಹುದು.