ಕಾರಿಗೂ ನೀರು ಬೇಕು, ಮೈಗೂ ನೀರು ಬೇಕು

ಏಪ್ರಿಲ್ ತಿಂಗಳು. ಸುಡು ಬಿಸಿಲು. ಹೊಣಕೆರೆಯ ಕಲಿಕಾ ಕೇಂದ್ರದ ಹೆಂಗಸರು ಪ್ರವಾಸ ಹೊರಟರು. ಒಟ್ಟು ಎಂಟು ಜನ. ಜೊತೆಗೆ ಪಾಠ ಹೇಳುವ ಟೀಚರಮ್ಮ. ಬಸ್ಸಿನ ಬೋರ್ಡನ್ನು ಅವರೇ ಓದಿದರು. ಶ್ರೀ-ರಂ-ಗ-ಪ-ಟ್ಟ-ಣ. ಯಾರನ್ನೂ ಕೇಳದೆ ಬಸ್ಸು ಹತ್ತಿದರು.

ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿ ಬಳಿ ಒಂದು ಸಂಗ್ರಹಾಲಯ ಇದೆ. ಅದರ ಹೆಸರು 'ಪಯಣ'. ಅಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳು ಅವು. ಹೆಂಗಸರು ಎಲ್ಲವನ್ನೂ ಸುತ್ತಿ ನೋಡಿದರು. ಹೊರಗೆ ಬಂದಾಗ ಮಧ್ಯಾಹ್ನ ಆಗಿತ್ತು. ರಸ್ತೆ ಕಾದ ಹೆಂಚಿನಂತೆ ಸುಡುತ್ತಿತ್ತು.

ದಾರಿಯಲ್ಲಿ ಹೊಂಗೆ ಮರದ ನೆರಳಿಗೆ ಒಂದು ಕೆಂಪು ಕಾರು ನಿಂತಿತ್ತು. ಪುಟ್ಟ ಕಾರು. ಎರಡೇ ಸೀಟು. ಮೇಲೆ ಚಾವಣಿ ಇಲ್ಲ. ಮುಂದಿನಿಂದ ಹಬೆ ಏಳುತ್ತಿತ್ತು.

"ಏನಣ್ಣ, ಕಾರು ಕೆಟ್ಟೋಯ್ತಾ?" ಎಂದು ಒಬ್ಬಾಕೆ ಕೇಳಿದಳು.

"ಕೆಟ್ಟಿಲ್ಲ ಕಣವ್ವ. ಬಿಸಿಲಿಗೆ ಕಾದುಬಿಟ್ಟಿದೆ. ಇದು ಇಂಗ್ಲೆಂಡಿನ ಹಳೇ ಕಾರು. ಹೆಸರು ಎಂ.ಜಿ. 'ಎಂ' ಅಂದ್ರೆ ಮಾರಿಸ್. 'ಜಿ' ಅಂದ್ರೆ ಗ್ಯಾರೇಜ್. ಆಕ್ಸ್‌ಫರ್ಡ್ ಅನ್ನೋ ಊರಿನ ಗ್ಯಾರೇಜಿನ ಹೆಸರು ಅದು. ಅದರ ಯಜಮಾನ ಮೊದಲು ಸೈಕಲ್ ರಿಪೇರಿ ಮಾಡ್ತಿದ್ದ."

ಟೀಚರಮ್ಮ ಹೇಳಿದರು: "ನಮ್ಮ ಅಂಬಾಸಿಡರ್ ಕಾರು ಗೊತ್ತಲ್ಲ? ಅದು ಕೂಡ ಇಂಗ್ಲೆಂಡಿನ ಮಾರಿಸ್ ಕಾರಿನ ಮಾದರಿಯೇ. ನಮ್ಮ ದೇಶದಲ್ಲಿ 2014ರವರೆಗೂ ತಯಾರಾಗ್ತಿತ್ತು."

"ನೀರು ಹುಯ್ದು ತಣ್ಣಗೆ ಮಾಡಬಾರದಾ?" ಎಂದಳು ಇನ್ನೊಬ್ಬಳು.

ಕಾರಿನವರು ತಿಳಿಸಿ ಹೇಳಿದರು. ಇಂಜಿನ್ ಓಡುವಾಗ ಬಹಳ ಬಿಸಿಯಾಗುತ್ತದೆ. ಅದರ ಸುತ್ತ ನೀರು ಹರಿಯುತ್ತದೆ. ನೀರು ಇಂಜಿನ್ನಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ತಣ್ಣಗಾಗಿ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ನೀರು ಕಡಿಮೆಯಾದರೆ ಇಂಜಿನ್ ಕೆಡುತ್ತದೆ. ಆದರೆ ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ನೆರಳಲ್ಲಿ ನಿಲ್ಲಿಸಿ ಆರಲು ಬಿಡಬೇಕು.

ಅಷ್ಟರಲ್ಲಿ ದೊಡ್ಡಮ್ಮ ಮರಕ್ಕೆ ಒರಗಿದರು. ಗುಂಪಿಗೆಲ್ಲ ಹಿರಿಯರು ಅವರು.

"ತಲೆ ಸುತ್ತುತ್ತೆ ಕಣ್ರವ್ವ. ಕಣ್ಣು ಮಂಜಾಯ್ತದೆ."

ಎಲ್ಲರೂ ಗಾಬರಿಯಾದರು. ಟೀಚರಮ್ಮ ಗಾಬರಿಯಾಗಲಿಲ್ಲ. ದೊಡ್ಡಮ್ಮನನ್ನು ನೆರಳಲ್ಲಿ ಮಲಗಿಸಿದರು. ಕಾಲನ್ನು ಸ್ವಲ್ಪ ಎತ್ತರಕ್ಕೆ ಇಟ್ಟರು. ಬಟ್ಟೆ ಸಡಿಲ ಮಾಡಿದರು. ಒದ್ದೆ ಬಟ್ಟೆಯಿಂದ ಮುಖ, ಕತ್ತು ಒರೆಸಿದರು. ಸೆರಗಿನಿಂದ ಗಾಳಿ ಬೀಸಿದರು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದ್ರಿ ದೊಡ್ಡಮ್ಮ?"

"ಒಂದು ತೊಟ್ಟೂ ಇಲ್ಲ ಮಗ. ನೀರು ಕುಡುದ್ರೆ ದಾರೀಲಿ ಹೊರಗೆ ಹೋಗಬೇಕಾಗ್ತದೆ. ಹೆಂಗಸ್ರು ಎಲ್ಲಿಗೆ ಹೋಗೋದು? ಕೇಳಕ್ಕೂ ನಾಚಿಕೆ."

ಯಾರೂ ಮಾತಾಡಲಿಲ್ಲ. ನಿಧಾನವಾಗಿ ಒಬ್ಬಾಕೆ, "ನಾನೂ ಕುಡಿದಿಲ್ಲ" ಎಂದಳು. "ನಾನೂ ಅಷ್ಟೇಯ" ಎಂದಳು ಮತ್ತೊಬ್ಬಳು.

ಟೀಚರಮ್ಮ ಚೀಲದಿಂದ ಓ.ಆರ್.ಎಸ್. ಪ್ಯಾಕೆಟ್ ತೆಗೆದರು. ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ ಕಲಸಿದರು. ದೊಡ್ಡಮ್ಮನನ್ನು ಎಬ್ಬಿಸಿ ಕೂರಿಸಿದರು. ಗುಟುಕು ಗುಟುಕಾಗಿ ಕುಡಿಸಿದರು.

"ಬೆವರೇ ನಮ್ಮ ರೇಡಿಯೇಟರ್ ದೊಡ್ಡಮ್ಮ. ಬೆವರು ಆರಿದಾಗ ಮೈ ತಂಪಾಗ್ತದೆ. ಬೆವರಿನ ಜೊತೆ ನೀರೂ ಹೋಗ್ತದೆ, ಉಪ್ಪೂ ಹೋಗ್ತದೆ. ಹೋದದ್ದನ್ನು ತುಂಬಿಸಬೇಕು. ಮೂತ್ರ ತಡೆದು ಕೂತರೂ ತೊಂದರೆಯೇ. ಉರಿಮೂತ್ರ ಬರ್ತದೆ."

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಚೇತರಿಸಿಕೊಂಡರು. ಕಾರೂ ತಣ್ಣಗಾಗಿತ್ತು. ಕಾರಿನವರು ನೀರು ತುಂಬಿಸಿ ಹೊರಟರು.

ಬಸ್ ನಿಲ್ದಾಣಕ್ಕೆ ಬಂದಾಗ ದೊಡ್ಡಮ್ಮ ಸುತ್ತಲೂ ನೋಡಿದರು. ಒಂದು ಬೋರ್ಡಿನ ಮುಂದೆ ನಿಂತು ಓದಿದರು. "ಮ-ಹಿ-ಳೆ-ಯ-ರು."

"ಬನ್ರವ್ವ, ಇಲ್ಲೇ ಅದೆ. ಹೋಗಿ ಬರಾನ. ಆಮೇಲೆ ಎಲ್ರೂ ನೀರು ಕುಡೀರಿ."

ನೆನಪಿಡಿ

* ಬಿಸಿಲಿಗೆ ಹೋಗುವ ಮೊದಲು ನೀರು ಕುಡಿಯಿರಿ. ಬಾಯಾರುವ ತನಕ ಕಾಯಬೇಡಿ. ನೀರು ಮಜ್ಜಿಗೆ, ಎಳನೀರು ಒಳ್ಳೆಯದು.
* ತಲೆಗೆ ಸೆರಗು ಅಥವಾ ಕೊಡೆ ಇರಲಿ.
* ಓ.ಆರ್.ಎಸ್. ಸಿಗದಿದ್ದರೆ ಮನೆಯಲ್ಲೇ ಮಾಡಿ. 1 ಲೀಟರ್ ಶುದ್ಧ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ.
* ಮೈ ಕೆಂಡದಂತೆ ಸುಟ್ಟರೆ, ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ.
* ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.
* ಬಿಸಿಲಲ್ಲಿ ನಿಂತ ಕಾರಿನೊಳಗೆ ಮಕ್ಕಳನ್ನು ಬಿಟ್ಟು ಹೋಗಬೇಡಿ.

ಓದಿ, ಬರೆಯಿರಿ

ಬಿಸಿಲು, ಬೆವರು, ನೆರಳು, ರೇಡಿಯೇಟರ್, ಮಹಿಳೆಯರು

ಮಾತನಾಡೋಣ

1. ದೊಡ್ಡಮ್ಮ ಯಾಕೆ ನೀರು ಕುಡಿಯಲಿಲ್ಲ?
2. ಕಾರಿನ ರೇಡಿಯೇಟರಿಗೂ ನಮ್ಮ ಬೆವರಿಗೂ ಏನು ಹೋಲಿಕೆ?
3. ನಿಮ್ಮ ಊರಿನ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ? ಇಲ್ಲದಿದ್ದರೆ ಗ್ರಾಮ ಪಂಚಾಯಿತಿಗೆ ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ. ನಿಮ್ಮ ಸಹಿ ನೀವೇ ಹಾಕಿ.