ಪಕ್ಕದ ಮನೆಯ ಡೆಂಗಿ ನಮಗೂ ಬರುತ್ತದೆಯೇ?

ಪ್ರಶ್ನೆ: ನಾವು ಅಮೃತಹಳ್ಳಿಯವರು. ಪಕ್ಕದ ಮನೆಯ ಹುಡುಗನಿಗೆ ಡೆಂಗಿ. ಅವನಿಗೆ ಕಚ್ಚಿದ ಸೊಳ್ಳೆ ನನ್ನ ಮಗಳಿಗೂ ಕಚ್ಚಿದರೆ? ಎಚ್‌ಐವಿಯೂ ಹೀಗೆ ಹರಡುತ್ತದೆಯೇ?

ಉತ್ತರ: ಡೆಂಗಿ ಹರಡುತ್ತದೆ, ಎಚ್‌ಐವಿ ಹರಡುವುದಿಲ್ಲ. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಹೀರಿದ ರಕ್ತವನ್ನಲ್ಲ. ಎಚ್‌ಐವಿ ಅದರ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಡೆಂಗಿ ವೈರಸ್ ಹಾಗಲ್ಲ. ಈಡಿಸ್ ಸೊಳ್ಳೆಯ ಒಡಲಲ್ಲಿ 8ರಿಂದ 12 ದಿನ ಬೆಳೆದು ಜೊಲ್ಲಿನ ಗ್ರಂಥಿಗೆ ಸೇರುತ್ತದೆ. ಆಮೇಲೆ ಆ ಸೊಳ್ಳೆ ಬದುಕಿರುವಷ್ಟು ದಿನವೂ ಅಪಾಯಕಾರಿ. ಚಿಕುನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆಯಿಂದ.

ಎಲ್ಲ ಕಡಿತವೂ ಒಂದೇ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಚ್ಚಿದರೆ ಬರುತ್ತದೆ. ಆದರೆ ರೋಗಿಯಿಂದ ಮನೆಯವರಿಗೆ ಅಂಟುವುದಿಲ್ಲ.

ಈಡಿಸ್ ಕಚ್ಚುವುದು ಹಗಲಲ್ಲಿ. ಹಾಗಾಗಿ ಜ್ವರದ ಮೊದಲ ಐದಾರು ದಿನ ಆ ಹುಡುಗ ಹಗಲೂ ಸೊಳ್ಳೆಪರದೆಯೊಳಗೇ ಮಲಗಲಿ. ಈ ಸೊಳ್ಳೆಗಾಗಿ ಊರಿನ ಕೆರೆಯನ್ನು ದೂರಬೇಡಿ, ನಿಮ್ಮದೇ ಡ್ರಮ್ಮು, ಸಂಪು, ಹೂಕುಂಡದ ತಟ್ಟೆಯ ತಿಳಿನೀರು ನೋಡಿ. ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ತಿಕ್ಕಿ ತೊಳೆಯಿರಿ. ಮೊಟ್ಟೆಗಳು ಅಲ್ಲೇ ಅಂಟಿರುತ್ತವೆ.

ಮಗಳಿಗೆ ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ, ಜ್ವರ ಇಳಿದಿದ್ದರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.