ಮಣ್ಣು, ಸುಣ್ಣ, ಹೆಂಪ್: ಇಂಥ ಗೋಡೆಗಳ ನಡುವೆ ಬಾಳಲು ಒಂಬತ್ತು ಸೂತ್ರಗಳು

ಸಹಜ ಸಾಮಗ್ರಿಯ ಮನೆ ಕಟ್ಟಿಸುವುದು ಒಂದು ವರ್ಷದ ಕೆಲಸ. ಅದರಲ್ಲಿ ಮೂವತ್ತು ವರ್ಷ ನೆಮ್ಮದಿಯಾಗಿ ಇರುವುದಕ್ಕೆ ಬೇರೆಯೇ ತಯಾರಿ ಬೇಕು. ಬೇಸತ್ತು ಬಿಟ್ಟುಹೋದವರನ್ನು ಮಾತಾಡಿಸಿ ನೋಡಿ. ಗೋಡೆ ಕೈಕೊಟ್ಟದ್ದು ಕಡಿಮೆ. ನೀರಿಗೆ ದಾರಿ ಬಿಟ್ಟದ್ದು, ರಿಪೇರಿ ಮುಂದೂಡಿದ್ದು, ನೆರೆಯವರ ಜೊತೆ ಮಾತು ಮುರಿದದ್ದೇ ಹೆಚ್ಚು.

1. ಕಾಲಡಿಯ ಮಣ್ಣನ್ನು ಮೊದಲು ಕೈಗೆತ್ತಿಕೊಳ್ಳಿ.
ಹೆಂಪ್ ಭಂಗಿಯ ಕುಲದ್ದೇ ಗಿಡ, ಅಮಲಿನ ಅಂಶ ಮಾತ್ರ ತೀರ ಕಡಿಮೆ. ಅದರ ನಾರು ಬಿಡಿಸಿದ ಮೇಲೆ ಉಳಿಯುವ ಕಡ್ಡಿಯನ್ನು ಚೂರು ಮಾಡಿ, ಸುಣ್ಣ ಮತ್ತು ನೀರಿನಲ್ಲಿ ಕಲಸಿದರೆ ಹೆಂಪ್‌ಕ್ರೀಟ್. ಸೊಗಸಾದ ವಸ್ತು, ಹೊರಗಿನ ಧಗೆಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಈ ಬೆಳೆಗೆ ಪರವಾನಗಿ ಬೇಕು. ಉತ್ತರಾಖಂಡ 2018ರಲ್ಲಿ ಅದನ್ನು ಕೊಡತೊಡಗಿತು. ಹಿಮಾಲಯದ ತಪ್ಪಲಿನಿಂದ ಲಾರಿಯಲ್ಲಿ ಕಡ್ಡಿ ತರಿಸಿ ಹಾಸನದಲ್ಲಿ ಗೋಡೆ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಜಾಗದಲ್ಲಿ ಮರಳು ಬೆರೆತ ಕೆಮ್ಮಣ್ಣಿದ್ದರೆ, ಶೇ 5ರಿಂದ 8ರಷ್ಟು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಪಳಗಿಸಿದೆ. ಎರೆಮಣ್ಣಿನ ಸೀಮೆಯವರು ಮಾತ್ರ ಜೋಕೆ: ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಒಂದು ಇಟ್ಟಿಗೆಯನ್ನೂ ಒತ್ತಬೇಡಿ.

2. ಹೆಂಪ್ ಗೋಡೆಯ ಮೇಲೆ ಭಾರ ಹೊರಿಸಬೇಡಿ.
ಒಂದು ಘನಮೀಟರ್ ಕಾಂಕ್ರೀಟ್ ಸುಮಾರು 2,400 ಕಿಲೋ ತೂಗಿದರೆ, ಗೋಡೆಗೆ ಬಳಸುವ ಹೆಂಪ್‌ಕ್ರೀಟ್ 300 ಕಿಲೋದ ಆಸುಪಾಸು. ಚಾವಣಿಯನ್ನು ಹೊರುವುದು ಮರದ ಚೌಕಟ್ಟು, ಗೋಡೆಯಲ್ಲ. ಪುಸ್ತಕದ ಕಪಾಟು, ಗ್ಯಾಸ್ ಗೀಸರ್ ನೇತುಹಾಕುವಾಗಲೂ ಸ್ಕ್ರೂ ಆ ಮರಕ್ಕೇ ಹೋಗಬೇಕು. ಯಾವ ಕಂಬ ಎಲ್ಲಿದೆ ಎಂದು ಗೋಡೆ ಮುಚ್ಚುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ.

3. ಗೃಹಪ್ರವೇಶದ ಮುಹೂರ್ತ ಇಟ್ಟು ಗೋಡೆಯನ್ನು ಅವಸರಪಡಿಸಬೇಡಿ.
ಹನ್ನೆರಡು ಅಂಗುಲದ ಹೆಂಪ್ ಗೋಡೆ ಗಾರೆಗೆ ಸಿದ್ಧವಾಗಲು ಆರರಿಂದ ಎಂಟು ವಾರ ಬೇಕು, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಮಳೆಗಾಲ ಕಳೆದ ಮೇಲೆ ಶುರುಮಾಡಿ.

4. ಸೂರು ಮುಂದಕ್ಕೆ ಚಾಚಲಿ, ಪಂಚಾಂಗ ಕಲ್ಲಿನದಿರಲಿ.
ಮಣ್ಣಿನ ಗೋಡೆ ಹಾಳಾಗುವುದು ಬುಡದಿಂದ. ನೆಲದಿಂದ ಪುಟಿಯುವ ಹನಿ, ಗಾಳಿಯ ಜೊತೆ ಬರುವ ಎರಚಲು, ಎರಡೂ ಅಲ್ಲೇ ಬಡಿಯುತ್ತವೆ. ಕನಿಷ್ಠ ಒಂದೂವರೆ ಅಡಿ ಕಲ್ಲು ಕಟ್ಟಿ. ಸೂರು ಎರಡೂವರೆ ಅಡಿ ಹೊರಗೆ ಬರಲಿ. ಮಲೆನಾಡಾದರೆ ಜಗಲಿಯನ್ನೇ ಸುತ್ತಿಸಿ. ಚೆಂದಕ್ಕೆಂದು ಗೋಡೆಗೆ ಆನಿಸಿ ಹೂವಿನ ಪಾತಿ ಮಾಡಬೇಡಿ.

5. ಸಿಮೆಂಟ್ ತೇಪೆ, ಪ್ಲಾಸ್ಟಿಕ್ ಪೇಂಟ್ ಎರಡೂ ಬೇಡ.
ಇದು ಎಲ್ಲಕ್ಕಿಂತ ಮುಖ್ಯ. ಫ್ರಾನ್ಸಿನಲ್ಲಿ ಹಳೆಯ ಮರದ ಚೌಕಟ್ಟಿನ ಮನೆಗಳ ಸಂದುಗಳಿಗೆ ಮಣ್ಣಿನ ಬದಲು ಸಿಮೆಂಟ್ ಮೆತ್ತಿದರು. ತೇವ ಒಳಗೇ ಸಿಕ್ಕಿಕೊಂಡು ಮರ ಕೊಳೆಯಿತು. ಅದಕ್ಕೆ ಮದ್ದು ಹುಡುಕುತ್ತಲೇ 1980ರ ದಶಕದಲ್ಲಿ ಅಲ್ಲಿ ಹೆಂಪ್ ಮತ್ತು ಸುಣ್ಣದ ಮಿಶ್ರಣ ಬಳಕೆಗೆ ಬಂತು. ಅಂದರೆ ಹೆಂಪ್‌ಕ್ರೀಟ್ ಹುಟ್ಟಿದ್ದೇ ಸಿಮೆಂಟ್ ತೇಪೆಯ ಕೇಡು ಕಂಡವರಿಂದ. ಹಸಿಮಣ್ಣಿನ ಗೋಡೆಯಲ್ಲೂ ಅದೇ ಆಗುತ್ತದೆ: ಸಿಮೆಂಟ್ ಗಾರೆ ಮೊದಲ ವರ್ಷ ಗಟ್ಟಿಯಾಗಿ ಕಾಣುತ್ತದೆ, ಆಮೇಲೆ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದಂತೆ ಕಳಚುತ್ತದೆ. ಬಿರುಕು ಬಿಟ್ಟರೆ ಅದೇ ಮಣ್ಣಿನಿಂದ, ಅದೇ ಸುಣ್ಣದಿಂದ ಮುಚ್ಚಿ. ಕಟ್ಟುವಾಗಲೇ ಎರಡು ಚೀಲ ಮಣ್ಣು ಜರಡಿ ಹಿಡಿದು ಎತ್ತಿಡಿ. ಐದು ವರ್ಷದ ನಂತರ ಆ ಬಣ್ಣದ ಮಣ್ಣು ಸಿಗುವುದು ಕಷ್ಟ.

6. ಸುಣ್ಣ ಕಲಸುವಾಗ ಕೈಗವಸು, ಕಣ್ಣಿಗೆ ಕನ್ನಡಕ. ಮಕ್ಕಳು ದೂರ. ಇದರಲ್ಲಿ ರಿಯಾಯಿತಿಯೇ ಇಲ್ಲ.

7. ಮುಯ್ಯಾಳು ಪದ್ಧತಿಯನ್ನು ಮತ್ತೆ ಕಟ್ಟಿ.
ನಾಟಿ, ಕೊಯ್ಲಿನಲ್ಲಿ ನಮ್ಮ ರೈತರು ಮಾಡಿಕೊಂಡು ಬಂದ ಈ ಏರ್ಪಾಡು ಇಂಥ ಮನೆಗಳು ಒಟ್ಟಿಗಿರುವ ಬಡಾವಣೆಗೆ ಹೇಳಿ ಮಾಡಿಸಿದ್ದು: ಇವತ್ತು ನಾವೆಲ್ಲ ನಿಮ್ಮ ಗೋಡೆಗೆ, ನಾಳೆ ನೀವು ನಮ್ಮ ಗೋಡೆಗೆ. ಹಬ್ಬದ ಮುಂಚೆ ಒಂದು ವಾರ ಇಡೀ ಬಡಾವಣೆ ಸುಣ್ಣ ಬಳಿಯಲಿ. ಏಣಿ, ಜರಡಿ, ಕರಣೆ ಎಲ್ಲರಿಗೂ ಸೇರಿದ ಒಂದೇ ಕೋಣೆಯಲ್ಲಿರಲಿ. ಅಮೆರಿಕದ ಮಿನ್ನೆಸೋಟದಲ್ಲಿ ಲೋಯರ್ ಸೂ ಎಂಬ ಮೂಲನಿವಾಸಿ ಸಮುದಾಯ ತನ್ನ ನೆಲದಲ್ಲಿ ತಾನೇ ಹೆಂಪ್ ಬೆಳೆದು, ತಾನೇ ಸಂಸ್ಕರಿಸಿ, ತನ್ನವರಿಗೆ ಮನೆ ಕಟ್ಟಿಕೊಡುತ್ತಿದೆ. ಕಟ್ಟುವ ಕೈಗಳು ಊರಲ್ಲೇ ಇದ್ದರೆ ರಿಪೇರಿಗೆ ಯಾರನ್ನೂ ಕಾಯಬೇಕಿಲ್ಲ. ನಮ್ಮಲ್ಲಿ ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅಂಥ ಒಬ್ಬರು ಸಿಕ್ಕರೆ ಬಡಾವಣೆಯ ಹುಡುಗ ಹುಡುಗಿಯರಿಬ್ಬರನ್ನು ಅವರ ಜೊತೆ ಕೆಲಸಕ್ಕೆ ಬಿಡಿ, ಮೇಸ್ತ್ರಿಗೆ ಕಲಿಸಿದ್ದಕ್ಕೂ ಕೂಲಿ ಕೊಡಿ.

8. ದುಡ್ಡಿನ ಮಾತು ಬುನಾದಿಗೆ ಮೊದಲೇ ಮುಗಿಯಲಿ.
ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2013ರಲ್ಲಿ ಸಿದ್ಧವಾದ ‘ಲಿಲಾಕ್’ ಬಡಾವಣೆಯ 20 ಮನೆಗಳು ಮರ ಮತ್ತು ಒಣಹುಲ್ಲಿನವು. ಅಲ್ಲಿ ಪ್ರತಿ ಮನೆಯವರೂ ಕೈಗೆ ಬರುವ ಆದಾಯದ ಶೇ 35ರಷ್ಟನ್ನು ಸಹಕಾರ ಸಂಘಕ್ಕೆ ಕಟ್ಟುತ್ತಾರೆ; ಹೆಚ್ಚು ದುಡಿಯುವವರು ಹೆಚ್ಚು, ಕಡಿಮೆ ದುಡಿಯುವವರು ಕಡಿಮೆ. ಬಟ್ಟೆ ಒಗೆಯುವ ಜಾಗ ಒಂದೇ, ಆಗಾಗ ಊಟವೂ ಒಟ್ಟಿಗೆ. ನಿಮ್ಮ ಲೆಕ್ಕ ಬೇರೆಯಿರಬಹುದು, ಆದರೆ ಬಿಟ್ಟುಹೋಗುವವರಿಗೆ ಎಷ್ಟು ಕೊಡಬೇಕು, ಹೊಸದಾಗಿ ಬರುವವರು ಎಷ್ಟು ಕಟ್ಟಬೇಕು ಎಂಬುದು ಬರಹದಲ್ಲಿರಲಿ.

9. ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ.
ಜನವರಿಯ ಭಾನುವಾರ ನೋಡಿಬಂದು ಮುಂಗಡ ಕೊಡಬೇಡಿ. ಪುದುಚೇರಿ ಬಳಿಯ ಆರೋವಿಲ್‌ನಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಕಟ್ಟಡಗಳು ಬೇಕಾದಷ್ಟಿವೆ. ಅಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಆಗಲೇ ಹೋಗಿ. ಮಲೆನಾಡಿನಲ್ಲಾದರೆ ಜುಲೈ. ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಬೆಳಿಗ್ಗೆ ಗೋಡೆಯ ಬುಡಕ್ಕೆ ಅಂಗೈ ಒತ್ತಿ, ಬೀರುವಿನ ಹಿಂದೆ ಮೂಸಿ ನೋಡಿ. ಸಂಜೆ ಪಕ್ಕದ ಮನೆಗೆ ಹೋಗಿ ಏಣಿ ಕೇಳಿ.